ಬೆಳಗಿನ ಜಾವ ಹಾರ್ಟ್ ರೇಟ್ ಏರೋದು ಯಾಕೆ

ಮಲಗಿದ ಮೇಲೆ ನಿಮಿಷಕ್ಕೆ 52ಕ್ಕೆ ಇಳಿದ ಹಾರ್ಟ್ ರೇಟ್ ಬೆಳಗಿನ ಜಾವ 4 ಗಂಟೆ ಹೊತ್ತಿಗೆ ವಾಚ್‌ನಲ್ಲಿ 74 ತೋರಿಸ್ತಿದೆ, ಹೆದರ್ಬೇಕಾ ಅಂತ ಕೇಳಿದೀರಲ್ಲ, ಬರೀ ಇಷ್ಟೇ ಆದ್ರೆ ಗಾಬರಿ ಬೇಡ. ಗಾಢ ನಿದ್ದೆಲಿ ಮೆದುಳಿಂದ ಹೃದಯಕ್ಕೆ ಬರೋ ವೇಗಸ್ ನರದ್ದೇ ಕಾರುಬಾರು, ಹೃದಯದಲ್ಲಿ ಬಡಿತ ಹುಟ್ಟೋ ಜಾಗ ಸೈನಸ್ ನೋಡನ್ನ ಅದು ತಡೆದು ತಡೆದು ನಿಧಾನ ಮಾಡತ್ತೆ. ನನ್ನ ಮಗಳು ಮಲಗಿದ್ದಾಗ ಒಂದ್ಸಲ ನಾಡಿ ಹಿಡಿದು ನೋಡಿದ್ದೆ, ಉಸಿರು ಎಳ್ಕೊಂಡಾಗ ಚೂರು ಬೇಗ, ಬಿಟ್ಟಾಗ ನಿಧಾನ, ಅದೂ ಈ ವೇಗಸ್ ಕೆಲಸಾನೇ, ಎಷ್ಟು ಚೆಂದ ಅಲ್ವಾ! ಕನಸು ಜಾಸ್ತಿ ಬೀಳೋ ರೆಮ್ ನಿದ್ದೆಲಿ ಮಾತ್ರ ವೇಗಸ್ ಹಿಡಿತ ಸಡಿಲ ಆಗಿ ಬಡಿತ ಏರಿಸೋ ಸಿಂಪಥೆಟಿಕ್ ನರಗಳು ಆಗಾಗ ಜೋರಾಗ್ತವೆ, ಬಡಿತ ಒಂದೇ ಸಮ ಇರಲ್ಲ, ನಿದ್ದೆಯ ಒಂದೊಂದು ಸುತ್ತು ಸುಮಾರು 90 ನಿಮಿಷ, ಬೆಳಗಾಗ್ತಾ ಆಗ್ತಾ ಅದ್ರಲ್ಲಿ ರೆಮ್ ಪಾಲು ಹೆಚ್ಚಾಗತ್ತೆ, ಅದಕ್ಕೇ ನಿಮ್ಗೆ ಆ ಹೊತ್ತಲ್ಲೇ ಏರಿಳಿತ ಕಾಣ್ತಿರಬಹುದು. ಲೇಟಾಗಿ ಹೊಟ್ಟೆ ಬಿರಿಯೆ ಉಂಡ್ರೆ, ಕುಡಿದ್ರೆ, ಜ್ವರ ಇದ್ರೆ ರಾತ್ರಿಯಿಡೀ ರೇಟ್ ಮೇಲೇ ಇರತ್ತೆ. ಆದ್ರೆ ಜೋರು ಗೊರಕೆ, ಉಸಿರು ಕಟ್ಟಿದಂಗಾಗಿ ಎಚ್ಚರ ಆಗೋದು, ಹಗಲೆಲ್ಲಾ ತೂಕಡಿಕೆ ಇದ್ರೆ ದಯವಿಟ್ಟು ಡಾಕ್ಟರ್‌ಗೆ ತೋರ್ಸಿ, ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೆಲಿ ಉಸಿರು ಆಗಾಗ ನಿಲ್ಲೋ ತೊಂದ್ರೆ, ಇದ್ಯಾ ಅಂತ ಸ್ಲೀಪ್ ಸ್ಟಡಿಲಿ (ನಿದ್ದೆ ಮಾಡುವಾಗ ಮಾಡೋ ಪರೀಕ್ಷೆ) ಗೊತ್ತಾಗತ್ತೆ, ವಾಚ್ ನೋಡ್ಕೊಂಡು ಸುಮ್ನೆ ಕೂರ್ಬೇಡಿ.