ಮೇ ತಿಂಗಳ ಸೆಖೆಗೆ ಯಾವ ಮದುವೆ ಕೇಕ್ ಒಳ್ಳೆಯದು?

ಪ್ರಶ್ನೆ: ನನ್ನ ಮಗಳ ಮದುವೆ ಮೇ ಎರಡನೇ ವಾರದಲ್ಲಿದೆ, ಇನ್ನು ಮೂರು ತಿಂಗಳು ಉಳಿದಿದೆ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬಲಿಪೂಜೆ ಮುಗಿದ ಮೇಲೆ, ಎ.ಸಿ. ಇಲ್ಲದ ಸಭಾಂಗಣದಲ್ಲಿ ಸುಮಾರು 500 ಮಂದಿಗೆ ರಿಸೆಪ್ಶನ್ ಇಟ್ಟುಕೊಂಡಿದ್ದೇವೆ. ಬಿಳಿ ಫಾಂಡೆಂಟ್ (ಹಾಳೆಯಂತೆ ಲಟ್ಟಿಸಿದ ಸಕ್ಕರೆ ಕಣಕ) ಹೊದಿಸಿ ತಾಜಾ ಹೂಗಳಿಂದ ಸಿಂಗರಿಸಿದ ಮೂರು ಅಂತಸ್ತಿನ ವೆನಿಲ್ಲಾ ಕೇಕ್ ಬೇಕೆಂಬುದು ಮಗಳ ಆಸೆ. ರಮ್‌ನಲ್ಲಿ ಹಣ್ಣು ನೆನೆಸಿ ಮಾಡಿದ ಪ್ಲಮ್ ಕೇಕೇ ಆಗಬೇಕೆಂಬುದು ನನ್ನ ಅತ್ತೆಯವರ ಹಟ. ಮಂಗಳೂರಿನ ಬೇಕರಿಯಿಂದ ತರಿಸುವವರಿದ್ದೇವೆ. ಯಾವುದನ್ನು ಆರಿಸೋಣ, ಎಷ್ಟು ಕಿಲೋ ಹೇಳೋಣ?
— ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಇಬ್ಬರ ಮಾತನ್ನೂ ನಡೆಸಿಕೊಡಬಹುದು. ಆದರೆ ಮೊದಲು, ವೇದಿಕೆಯ ಮೇಲೆ ವಧೂವರರು ಕತ್ತರಿಸುವ ಕೇಕ್ ಯಾವುದು, ವಧೂವರರಿಗೆ ಶುಭ ಕೋರಿ ಲೋಟ ಎತ್ತುವ ಟೋಸ್ಟ್ ಹೊತ್ತಿಗೆ ವೈನ್ ಜೊತೆಯಲ್ಲಿ ಅತಿಥಿಗಳ ಕೈಗೆ ಬರುವ ಕೇಕ್ ಯಾವುದು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿಕೊಳ್ಳಿ. 500 ಮಂದಿಗೆ ಸಾಲುವಷ್ಟು ದೊಡ್ಡ ಕೇಕನ್ನು ವೇದಿಕೆಯಲ್ಲಿ ನಿಲ್ಲಿಸಿ, ಆಮೇಲೆ ಒಳಗೊಯ್ದು ಕತ್ತರಿಸಿ ಹಂಚಲು ಹೊರಟರೆ, ಹಿಂದಿನ ಸಾಲಿನವರಿಗೆ ಅದು ತಲುಪುವ ಮೊದಲೇ ಟೋಸ್ಟ್ ಮುಗಿದಿರುತ್ತದೆ.

ಹಂಚುವ ಕೇಕಿನ ವಿಷಯದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ. ಪ್ಲಮ್ ಕೇಕಿನಲ್ಲಿ ಸಕ್ಕರೆ, ಒಣಹಣ್ಣು ಮತ್ತು ರಮ್ ಸೇರಿ ನೀರಿನಂಶವನ್ನು ಹಿಡಿದಿಡುವುದರಿಂದ, ಅದು ಕರಾವಳಿಯ ಸೆಖೆಯಲ್ಲೂ ಫ್ರಿಜ್ ಇಲ್ಲದೆ ದಿನಗಟ್ಟಲೆ ಉಳಿಯುತ್ತದೆ. ಕೆನೆ ತುಂಬಿದ ವೆನಿಲ್ಲಾ ಕೇಕಿಗೆ ಆ ಶಕ್ತಿ ಇಲ್ಲ. 1840ರಲ್ಲಿ ನಡೆದ ವಿಕ್ಟೋರಿಯಾ ರಾಣಿಯ ಮದುವೆಯ ಕೇಕ್ ಕೂಡ ಹಣ್ಣಿನ ಕೇಕೇ ಆಗಿತ್ತು, ಅದರ ತುಣುಕುಗಳು ಇಂದಿಗೂ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿ ಉಳಿದುಕೊಂಡಿವೆ. ಈಗಲೇ ಬೇಕರಿಯವರನ್ನು ಕಂಡು, ಒಣದ್ರಾಕ್ಷಿ, ಖರ್ಜೂರ, ಸಕ್ಕರೆಯಲ್ಲಿ ಪಾಗಿಸಿದ ಕಿತ್ತಳೆ ಸಿಪ್ಪೆಗಳನ್ನು ರಮ್‌ನಲ್ಲಿ ನೆನೆಹಾಕಲು ಹೇಳಿ. ಮದುವೆಗೆ ಎರಡು ವಾರ ಮುಂಚೆ ಬೇಯಿಸಿ ಮುಚ್ಚಿಟ್ಟರೆ ರುಚಿ ಚೆನ್ನಾಗಿ ಹದಗೊಳ್ಳುತ್ತದೆ.

ಆರ್ಡರ್ ಖಚಿತಪಡಿಸುವ ಮೊದಲು ಅರ್ಧ ಕಿಲೋ ಮಾದರಿ ಕೇಕನ್ನು ಹಣ ಕೊಟ್ಟೇ ತರಿಸಿ, ಎರಡು ದಿನ ಬಿಟ್ಟು ತಿಂದು ನೋಡಿ. ಈ ಕೇಕಿನ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯ ಪಾಕದಿಂದ. ಸಕ್ಕರೆ ಕರಗಿ ಕಡುಕಂದಾಗಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು ಹೊಗೆಯಾಡತೊಡಗಿದ ಕೂಡಲೇ ಬಿಸಿನೀರು ಸುರಿದು ಅದನ್ನು ತಡೆಯಬೇಕು. ಸ್ವಲ್ಪ ತಡವಾದರೂ ಕಹಿ ಇಡೀ ಕೇಕಿಗೆ ಹತ್ತುತ್ತದೆ, ಎಷ್ಟು ಹಣ್ಣು ಹಾಕಿದರೂ ಅದು ಮರೆಯಾಗುವುದಿಲ್ಲ. ತುಂಡು ಕತ್ತರಿಸಿದಾಗ ಕಾಣುವುದು ನಿಜವಾದ ಒಣದ್ರಾಕ್ಷಿಯೋ, ಪಪ್ಪಾಯಿಕಾಯಿಯಿಂದ ಮಾಡಿದ ಟೂಟಿ ಫ್ರೂಟಿಯೋ ಎಂಬುದನ್ನೂ ಗಮನಿಸಿ. ಟೂಟಿ ಫ್ರೂಟಿ ತಪ್ಪೇನಲ್ಲ, ಆದರೆ ಅದಕ್ಕೆ ಒಣಹಣ್ಣಿನ ದರ ತೆರಬೇಕಾಗಿಲ್ಲ.

ತಲಾ 30 ಗ್ರಾಂ ತುಂಡಿನ ಲೆಕ್ಕದಲ್ಲಿ 500 ಮಂದಿಗೆ 15 ಕಿಲೋ ಬೇಕಾಗುತ್ತದೆ. ಅಂಚು, ಪುಡಿ ಹೋಗುವುದೆಂದು ಒಂದೂವರೆ ಕಿಲೋ ಸೇರಿಸಿ ಹದಿನಾರೂವರೆ ಕಿಲೋ ಹೇಳಿ. ಚೌಕಾಕಾರದ ತಟ್ಟೆಯಲ್ಲಿ ಬೇಯಿಸಿದರೆ ತುಂಡುಗಳು ಸಮನಾಗಿ ಬರುತ್ತವೆ. ಹಿಂದಿನ ದಿನವೇ ಕತ್ತರಿಸಿ, ಬಟರ್ ಪೇಪರಿನಲ್ಲಿ ಸುತ್ತಿಸಿ, ಮುಚ್ಚಳವಿರುವ ಡಬ್ಬಗಳಲ್ಲಿ ಸಭಾಂಗಣಕ್ಕೆ ತಲುಪಿಸಲು ಹೇಳಿ. ರಮ್ ಇರುವ ಸಂಗತಿಯನ್ನು ಬಡಿಸುವವರು ಅತಿಥಿಗಳಿಗೆ ತಿಳಿಸಬೇಕು. ಮಕ್ಕಳಿಗೂ ಮದ್ಯ ಮುಟ್ಟದವರಿಗೂ ಒಂದು ತಟ್ಟೆ ಸಾದಾ ಕೇಕ್ ಬೇರೆ ಇರಲಿ.

ಇನ್ನು ಮಗಳ ಕೇಕಿಗೆ ಬರೋಣ. ಬೆಣ್ಣೆ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗತೊಡಗುತ್ತದೆ, ಮೇ ತಿಂಗಳ ಸಂಜೆ ಜನ ತುಂಬಿದ ನಿಮ್ಮ ಸಭಾಂಗಣ ಅಷ್ಟು ಬಿಸಿಯಾಗದೆ ಇರದು. ಆದ್ದರಿಂದ ಬಟರ್‌ಕ್ರೀಮಾಗಲಿ ವಿಪ್ಪಿಂಗ್ ಕ್ರೀಮಾಗಲಿ ಅಲ್ಲಿ ಗಂಟೆಗಟ್ಟಲೆ ನಿಲ್ಲುವ ಭರವಸೆ ಇಲ್ಲ. ಫಾಂಡೆಂಟ್ ಅವುಗಳಿಗಿಂತ ಮೇಲು, ಆದರೆ ಅದು ಸಕ್ಕರೆಯೇ ಆದ್ದರಿಂದ ಗಾಳಿಯ ತೇವವನ್ನು ಹೀರುತ್ತದೆ. ಫ್ರಿಜ್‌ನಿಂದ ತೆಗೆದು ಸೆಖೆಯಲ್ಲಿಟ್ಟರೆ ಮೈಯೆಲ್ಲ ಬೆವರಿ ಅಂಟಂಟಾಗುತ್ತದೆ, ಬಣ್ಣದ ಅಲಂಕಾರವಿದ್ದರೆ ಹರಿಯುತ್ತದೆ. ಕೆಳಗಿನ ಎರಡು ಅಂತಸ್ತುಗಳನ್ನು ಥರ್ಮಾಕೋಲಿನಲ್ಲಿ ಮಾಡಿಸಿ ಫಾಂಡೆಂಟ್ ಹೊದಿಸಿ, ಮೇಲಿನ ಆರಿಂಚಿನ ಅಂತಸ್ತೊಂದನ್ನು ಮಾತ್ರ ನಿಜವಾದ ಕೇಕಿನಲ್ಲಿ ಮಾಡಿಸುವುದು ನನ್ನ ಸಲಹೆ. ಅದರೊಳಗೆ ಮಗಳ ಇಷ್ಟದ ವೆನಿಲ್ಲಾವೇ ಇರಲಿ, ನಡುವೆ ಕೆನೆಯ ಬದಲು ಹಣ್ಣಿನ ಜಾಮ್ ಹಚ್ಚಲಿ. ಕತ್ತಿ ಎಲ್ಲಿ ಇಳಿಸಬೇಕೆಂದು ವಧೂವರರಿಗೆ ಮೊದಲೇ ತೋರಿಸಿಡಿ. ಫಾಂಡೆಂಟ್ ತೂಕವನ್ನೂ ಕೇಕಿನ ಕಿಲೋ ದರದಲ್ಲಿ ಸೇರಿಸುತ್ತಾರೆಯೇ ಎಂದು ಕೇಳಿ, ಬರೆಸಿಕೊಳ್ಳಿ.

ಹೂಗಳ ವಿಷಯದಲ್ಲಿ ಮಗಳಿಗೆ ದಯವಿಟ್ಟು ಒತ್ತಿ ಹೇಳಿ. ಅಂಗಡಿಯ ಹೂಗಳಿಗೆ ಕೀಟನಾಶಕ ಸಿಂಪಡಿಸಿರುತ್ತಾರೆ. ಬಿಳಿ ಕಣಗಿಲೆ ನೋಡಲು ಸೊಗಸು, ಆದರೆ ಗಿಡದ ಎಲ್ಲ ಭಾಗವೂ ವಿಷ; ಅಲಂಕಾರ ಮಾಡುವವರು ತಿಳಿಯದೆ ಅದರ ತೊಟ್ಟನ್ನು ಕೇಕಿಗೆ ಚುಚ್ಚಿಬಿಟ್ಟರೆ ಅಪಾಯ. ಕೇಕಿನ ಮೇಲೆ ಸಕ್ಕರೆಯ ಹೂಗಳಿರಲಿ. ಶಂಕರಪುರದ ಮಲ್ಲಿಗೆಯ ದಂಡೆಯನ್ನು ಮೇಜಿನ ಮೇಲೆ, ಕೇಕಿಗೆ ತಾಗದಂತೆ ಸುತ್ತ ಇಡಿ, ಪರಿಮಳಕ್ಕೂ ಅಷ್ಟೇ ಸಾಕು.

ಮಂಗಳೂರಿನಿಂದ ನಿಮ್ಮೂರಿಗೆ ಸುಮಾರು 35 ಕಿಲೋಮೀಟರ್ ದಾರಿ, ತಿರುವುಗಳೂ ಇವೆ. ಅಂತಸ್ತುಗಳನ್ನು ಬಿಡಿಬಿಡಿಯಾಗಿ ತಂದು ಸಭಾಂಗಣದಲ್ಲೇ ಜೋಡಿಸಬೇಕು. ಕಾರಿನ ಸೀಟು ಹಿಂದಕ್ಕೆ ವಾಲಿರುವುದರಿಂದ ಪೆಟ್ಟಿಗೆಯನ್ನು ಎ.ಸಿ. ಕಾರಿನ ಸಮತಟ್ಟಾದ ಜಾಗದಲ್ಲಿಡಿ.

ಪ್ರಶ್ನೆ: ನಮ್ಮದು ಮೊಟ್ಟೆ ತಿನ್ನದ ಮನೆ. ಮಗನ ಆರತಕ್ಷತೆಯಲ್ಲಿ ಕೇಕ್ ಕತ್ತರಿಸಬೇಕೆಂದು ಮಕ್ಕಳ ಆಸೆ. ಎಗ್‌ಲೆಸ್ ಎಂದು ಹೇಳಿದರೆ ಸಾಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲದು. ಹಿಟ್ಟಿನಲ್ಲಿ ಮೊಟ್ಟೆ ಇಲ್ಲದಿದ್ದರೂ, ಕೇಕಿನ ಮೇಲೆ ಗಟ್ಟಿಯಾಗುವ ಸಕ್ಕರೆ ಲೇಪವಾದ ರಾಯಲ್ ಐಸಿಂಗ್‌ನಲ್ಲಿ ಮೊಟ್ಟೆಯ ಬಿಳಿಭಾಗ ಇರಬಹುದು. ನೊರೆಯಂಥ ಕೆನೆಸಿಹಿಯಾದ ಕೆಲವು ಮೂಸ್‌ಗಳಲ್ಲೂ ಫಾಂಡೆಂಟ್‌ಗಳಲ್ಲೂ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ. ಇವೆರಡನ್ನೂ ಹೆಸರು ಹಿಡಿದೇ ಕೇಳಿ. ಮನೆಯ ಹಿರಿಯರು ಕಟ್ಟುನಿಟ್ಟಿನವರಾದರೆ, ಮೊಟ್ಟೆಯನ್ನೇ ಬಳಸದ ಬೇಕರಿಯನ್ನು ಹುಡುಕುವುದು ಲೇಸು, ಏಕೆಂದರೆ ಬೇರೆಡೆ ತಟ್ಟೆ, ಬೀಟರ್‌ಗಳೆಲ್ಲ ಎರಡಕ್ಕೂ ಒಂದೇ ಆಗಿರಬಹುದು. ಮೊಸರು ಅಥವಾ ಕಂಡೆನ್ಸ್ಡ್ ಮಿಲ್ಕ್ ಹಾಕಿದ ಎಗ್‌ಲೆಸ್ ಕೇಕ್ ಮೃದುವಾಗಿದ್ದು ಬೇಗ ಪುಡಿಯಾಗುತ್ತದೆ, ಮೇಲಿನ ಭಾರ ತಾಳುವುದು ಕಷ್ಟ. ಅಂತಸ್ತು ಬೇಡ, ಅಗಲವಾದ ಒಂದೇ ಅಂತಸ್ತಿನ ಕೇಕ್ ಮಾಡಿಸಿ.