ಒಡೆದ ಗುರುತಿಲ್ಲದೆ ಹಿತ್ತಲ ಬಾಗಿಲು ತೆರೆದಿದ್ದರೆ

ನಿಮ್ಮ ಮನೆಯ ಹಿತ್ತಲ ಕಡೆಯ ಎರಡು ಕದದ ಮರದ ಬಾಗಿಲಿನ ಬೀಗ ಒಡೆಯದೆ ಒಳಚಿಲಕ ತೆರೆದಿತ್ತು, ಹೇಗೆ ತೆರೆದರು, ಇನ್ನು ಏನು ಮಾಡಬೇಕು ಎಂದು ಕೇಳಿದ್ದಿರಲ್ಲ, ಕದಗಳ ನಡುವಿನ ಸಂದಿಯಲ್ಲಿ ಕತ್ತಿಯನ್ನೋ ಕಂಬಿಯನ್ನೋ ತೂರಿಸಿ ಚಿಲಕ ಸರಿಸಿರುವ ಸಾಧ್ಯತೆಯೇ ಹೆಚ್ಚು. ಬೇಸಿಗೆಯಲ್ಲಿ ಮರ ಒಣಗಿ ಸಂದಿ ಅಗಲವಾಗುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಮೊದಲು ಚೌಕಟ್ಟನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಗೆದ್ದಲು ತಿಂದು ಮೆತ್ತಗಾಗಿದ್ದರೆ, ಬಾಗಿಲಿಗೆ ಅಡ್ಡಲಾಗಿ ಇಡುವ ಅಗುಳಿಯನ್ನು ಹಿಡಿಯುವ ಕೊಕ್ಕೆಗಳನ್ನು ಗೋಡೆಗೇ ಕೂರಿಸಬೇಕು, ಎಷ್ಟು ಹಾಳಾಗಿದೆ ಎಂದು ನೋಡದೆ ಹೇಳಲಾರೆ. ಗಟ್ಟಿಯಿದ್ದರೆ ಒಳಗಡೆ ಎರಡೂ ಬದಿಗೆ ಕಬ್ಬಿಣದ ಕೊಕ್ಕೆ ಹಾಕಿ, ಅಡ್ಡಲಾಗಿ ಅಗುಳಿ ಇಡಿ. ಅದನ್ನೂ ಸಂದಿಯಿಂದ ಮೇಲೆತ್ತಬಹುದು, ಆದ್ದರಿಂದ ಒಂದು ತುದಿಗೆ ಪಿನ್ನು ಬೇಕೇ ಬೇಕು. ಕತ್ತಲಲ್ಲೂ ನಿಮ್ಮ ಮನೆಯ ಅಜ್ಜಿ ಪಿನ್ನು, ಅಗುಳಿ ಎರಡನ್ನೂ ತಾವೇ ತೆಗೆಯುವಂತಿರಲಿ. ಆಮೇಲೆ ಸಂದಿ ಮುಚ್ಚಲು ಹೊರಗಿನಿಂದ ರೀಪು (ಮರದ ತೆಳು ಪಟ್ಟಿ) ಹೊಡೆಯಿರಿ, ಅದೂ ಎರಡು ಕದಗಳಲ್ಲಿ ಎರಡನೆಯದಾಗಿ ತೆರೆಯುವ ಕದಕ್ಕೆ ಮಾತ್ರ. ಇಷ್ಟಾದ ಮೇಲೆ, ಯಾರಾದರೂ ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪ ಕೊಳ್ಳಿ.