ರೆಸಿಸ್ಟಿವಿಟಿ ಸರ್ವೆ ಕಲಿಯೋಕೆ ಮೊದಲು ಕೊರೆದಿರುವ ಬೋರ್‌ವೆಲ್ ಪಕ್ಕ ಹೋಗಿ

ನೀವು ಕೇಳಿರೋದು ಇಷ್ಟು ಅಲ್ವಾ: ಎಂಎಸ್ಸಿ ಜಿಯಾಲಜಿ ಮುಗಿದಿದೆ, ಬೋರ್‌ವೆಲ್ ಪಾಯಿಂಟ್ ನೋಡುವ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ಕರೆಂಟ್ ಬಿಟ್ಟು, ಅದಕ್ಕೆ ಎಷ್ಟು ತಡೆ ಇದೆ ಅಂತ ಅಳೆದು ಕೆಳಗಿನ ಪದರಗಳನ್ನು ಅಂದಾಜು ಮಾಡೋದು) ಕಲಿಯಬೇಕು, ಸಾಫ್ಟ್‌ವೇರ್ ಕೋರ್ಸ್‌ಗೆ ದುಡ್ಡು ಕಟ್ಟೋದಾ, ಇಲ್ಲ ಯಾವುದಾದರೂ ಸರ್ವೆ ತಂಡದ ಜೊತೆ ಹೋಗೋದಾ? ತಂಡದ ಜೊತೆ ಹೋಗಿ. ಆದರೆ ಸುಮ್ನೆ ಹೋದರೆ ವೈರ್ ಸುತ್ತೋದು ಬಿಟ್ಟು ಬೇರೇನೂ ಬರೋದಿಲ್ಲ.

ನಾನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ಕೆಲಸ ಮಾಡುತ್ತೇನೆ. ಹೊಸಬರನ್ನು ಮೊದಲು ಹೊಸ ಪಾಯಿಂಟ್ ನೋಡೋಕೆ ಕರೆದೊಯ್ಯೋದಿಲ್ಲ. ಈಗಾಗಲೇ ಕೊರೆಸಿರುವ ಬೋರ್‌ವೆಲ್ ಪಕ್ಕದಲ್ಲಿ ಅಳೆಸುತ್ತೇನೆ. ಕೆಳಗೆ ಏನಿದೆ ಅಂತ ಗೊತ್ತಿರುವ ಕಡೆ ಮಾತ್ರ ನೀವು ಹೇಳಿದ್ದು ಸರಿಯೋ ತಪ್ಪೋ ತಿಳಿಯುತ್ತದೆ. ಹೊಲದ ಯಜಮಾನರನ್ನು ಎಷ್ಟು ನೀರು ಬಂತು ಅಂತ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು "ಕೇಸಿಂಗ್ ಎಷ್ಟು ಅಡಿ ಇಳಿಸಿದ್ರಿ?" ಅಂತ. ಕೇಸಿಂಗ್ ಅಂದರೆ ಬೋರಿನ ಮೇಲ್ಭಾಗ ಕುಸಿಯದ ಹಾಗೆ ಇಳಿಸುವ ಪೈಪು. ನಮ್ಮ ಕಡೆ ಮಣ್ಣು ಮತ್ತು ಪುಡಿಯಾಗುವ ಮೆತ್ತಗಿನ ಕಲ್ಲು ಇರುವ ತನಕ ಕೇಸಿಂಗ್ ಇಳಿಸಿ, ಗಟ್ಟಿ ಬಂಡೆ ಸಿಕ್ಕ ಮೇಲೆ ನಿಲ್ಲಿಸುತ್ತಾರೆ. ಅಡಿಗೆ ಇಷ್ಟು ಅಂತ ದುಡ್ಡಲ್ವಾ, ಯಾರೂ ಜಾಸ್ತಿ ಇಳಿಸೋದಿಲ್ಲ. ಹಾಗಾಗಿ 60 ಅಡಿ ಕೇಸಿಂಗ್ ಅಂದರೆ ಸುಮಾರು 18 ಮೀಟರ್‌ಗೆ ಬಂಡೆ ಅಂತ ಲೆಕ್ಕ. ಬೋರು ಕೊರೆಸಿ ಎಷ್ಟೇ ವರ್ಷ ಆಗಿದ್ದರೂ ದುಡ್ಡು ಕೊಟ್ಟವರಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ. ನಿಮ್ಮ ಗ್ರಾಫ್ ಅಲ್ಲಿ ಬಂಡೆ 40 ಮೀಟರ್‌ಗೆ ಅಂತ ತೋರಿಸಿದರೆ ಎಲ್ಲೋ ಎಡವಟ್ಟಾಗಿದೆ, ಹುಡುಕಿ.

ಶುರುವಿನಲ್ಲಿ ಲೆಕ್ಕ ಕೈಯಲ್ಲೇ ಮಾಡಿ. ವೆನ್ನರ್ ಪದ್ಧತಿಯಲ್ಲಿ ನಾಲ್ಕು ಲೋಹದ ಗೂಟ ಒಂದೇ ಸಾಲಲ್ಲಿ, ಸಮ ಅಂತರದಲ್ಲಿ. ಅಂತರ 10 ಮೀಟರ್ ಇದೆ, ಹೊರಗಿನ ಎರಡು ಗೂಟಕ್ಕೆ 50 ಮಿಲಿಆಂಪಿಯರ್ ಕರೆಂಟ್ ಕೊಟ್ಟಿರಿ, ಒಳಗಿನ ಎರಡರ ನಡುವೆ 40 ಮಿಲಿವೋಲ್ಟ್ ಬಂತು ಅಂದುಕೊಳ್ಳಿ. 40ನ್ನು 50ರಿಂದ ಭಾಗಿಸಿದರೆ 0.8 ಓಮ್. ಅದನ್ನು 2 ಪೈ ಸಲ 10ರಿಂದ, ಅಂದರೆ 62.8ರಿಂದ ಗುಣಿಸಿದರೆ ಸುಮಾರು 50 ಓಮ್-ಮೀಟರ್, ಇದೇ ರೆಸಿಸ್ಟಿವಿಟಿ. ತೇವ ಇರುವ ಪುಡಿಗಲ್ಲು ನಮ್ಮ ಕಡೆ ಸಾಮಾನ್ಯವಾಗಿ ಇದರ ಆಸುಪಾಸಲ್ಲೇ ಇರುತ್ತದೆ. ಜೇಡಿ ಇನ್ನೂ ಕಡಿಮೆ. ಬಿರುಕಿಲ್ಲದ ಬಂಡೆ ಸಾವಿರ ದಾಟುತ್ತದೆ.

ಆಳ ನೋಡೋಕೆ ಶ್ಲಂಬರ್ಜೆ ಪದ್ಧತಿ ಬಳಸುತ್ತೇವೆ. ಒಳಗಿನ ಗೂಟ ಅಲ್ಲೇ ಬಿಟ್ಟು ಹೊರಗಿನವನ್ನು ದೂರ ದೂರ ಒಯ್ಯೋದು. ಪ್ರತಿ ರೀಡಿಂಗನ್ನೂ ಹೊಲದಲ್ಲೇ ಲಾಗ್-ಲಾಗ್ ಹಾಳೆ (ಎರಡೂ ಕಡೆ 1, 10, 100 ಅಂತ ಹತ್ತು ಪಟ್ಟಿನ ಅಳತೆ ಇರುವ ಗ್ರಾಫ್ ಹಾಳೆ) ಮೇಲೆ, ಅಡ್ಡಕ್ಕೆ ಗೂಟದ ದೂರ, ಉದ್ದಕ್ಕೆ ರೆಸಿಸ್ಟಿವಿಟಿ ಅಂತ ಗುರುತು ಮಾಡಿ, ಮನೆಗೆ ಬಂದು ಮಾಡ್ತೀನಿ ಅನ್ನಬೇಡಿ. ಬಂಡೆ ಬಂದ ಹಾಗೆ ಗೆರೆ ಮೇಲೇರುತ್ತದೆ, ಪದರಗಳು ಮಟ್ಟಸವಾಗಿದ್ದರೆ ಆ ಏರು 45 ಡಿಗ್ರಿ ದಾಟೋ ಹಾಗಿಲ್ಲ. ದಾಟಿದರೆ ವೈರ್ ಎಲ್ಲೋ ಸವೆದು ನೆಲಕ್ಕೆ ಕರೆಂಟ್ ಬಿಡುತ್ತಿರಬಹುದು, ಅಥವಾ ಪಕ್ಕದಲ್ಲಿ ತಂತಿಬೇಲಿ, ಹೂತಿಟ್ಟ ಕಬ್ಬಿಣದ ಪೈಪು ಇರಬಹುದು. ಹೊಲದಲ್ಲೇ ಕಂಡರೆ ಹತ್ತು ನಿಮಿಷದ ಕೆಲಸ, ಮನೆಯಲ್ಲಿ ಕಂಡರೆ ಮತ್ತೆ ಜೀಪಿಗೆ ಡೀಸೆಲ್. ಇನ್ನೊಂದು, ಹೊರಗಿನ ಗೂಟಗಳ ಅಂತರದ ಅರ್ಧ 100 ಮೀಟರ್ ಆದ ಮಾತ್ರಕ್ಕೆ 100 ಮೀಟರ್ ಆಳ ನೋಡಿದೆವು ಅಂತಲ್ಲ. ಈ ಕೆಲಸ ಮಾಡುವವರಲ್ಲೇ ಎಷ್ಟೋ ಜನ ಹಾಗೇ ಹೇಳಿಕೊಂಡು ಓಡಾಡುತ್ತಾರೆ.

ಒಣ ನೆಲದಲ್ಲಿ ಕರೆಂಟೇ ಒಳಗೆ ಹೋಗೋದಿಲ್ಲ. ಗೂಟದ ಬುಡಕ್ಕೆ ಉಪ್ಪುನೀರು ಹಾಕಿ, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿ. ಉಪಕರಣ ನೂರಾರು ವೋಲ್ಟ್ ಕೊಡುತ್ತದೆ ಅನ್ನೋದು ನೆನಪಿರಲಿ. ಗೂಟದ ಹತ್ತಿರ ಇರುವವನು "ಕೈ ಬಿಟ್ಟೆ" ಅಂತ ಕೂಗಿದ ಮೇಲೇನೇ ಸ್ವಿಚ್ ಒತ್ತಬೇಕು. ದನ ಮೇಯಿಸುವ ಮಕ್ಕಳು ನೋಡೋಕೆ ಬಂದೇ ಬರುತ್ತಾರೆ, ಅವರನ್ನು ದೂರ ನಿಲ್ಲಿಸೋಕೆ ಒಬ್ಬರು ಬೇಕು.

ಈಗ ರೀಡಿಂಗ್ ನೋಡಿ ಪದರಗಳ ದಪ್ಪ, ರೆಸಿಸ್ಟಿವಿಟಿ ಲೆಕ್ಕ ಹಾಕುವ ಸಾಫ್ಟ್‌ವೇರ್. ಐಪಿಐ2ವಿನ್ ಸರಳವಾಗಿದೆ, ರೆಸ್‌ಐಪಿವೈ, ಪೈಗಿಮ್ಲಿ ಉಚಿತವಾಗಿ ಸಿಗುತ್ತವೆ, ದುಡ್ಡು ಕೊಟ್ಟು ಕಲಿಯುವಂಥದ್ದೇನಿಲ್ಲ. ಎಚ್ಚರ ಬೇಕಾದ್ದು ಬೇರೆ ಕಡೆ. ಒಣ ಮೇಲ್ಮಣ್ಣಿಗೂ ಬಂಡೆಗೂ ನಡುವೆ 50 ಓಮ್-ಮೀಟರ್‌ನ 10 ಮೀಟರ್ ಪದರ ಇದ್ದರೂ, 40 ಓಮ್-ಮೀಟರ್‌ನ 8 ಮೀಟರ್ ಪದರ ಇದ್ದರೂ ಗ್ರಾಫ್ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ದಪ್ಪವನ್ನು ರೆಸಿಸ್ಟಿವಿಟಿಯಿಂದ ಭಾಗಿಸಿ ನೋಡಿ, ಎರಡೂ 0.2. ಸಾಫ್ಟ್‌ವೇರ್ ಎರಡಕ್ಕೂ ತಲೆ ಆಡಿಸುತ್ತದೆ. ಯಾವುದು ನಿಜ ಅಂತ ಆರಿಸೋಕೆ ಮತ್ತೆ ಅದೇ ಕೇಸಿಂಗ್ ಲೆಕ್ಕವೇ ಗತಿ.

"ಎಷ್ಟು ಇಂಚು ನೀರು ಬೀಳುತ್ತೆ ಸಾರ್?" ಅಂತ ಎಲ್ಲರೂ ಕೇಳುತ್ತಾರೆ. ಇಂಚು ಹೇಳಬೇಡಿ. 600 ಅಡಿ ಕೆಳಗೆ ಬಂಡೆಯಲ್ಲಿರುವ ಬೆರಳಗಲದ ಬಿರುಕು ಮೇಲಿಂದ ಈ ಸರ್ವೆಗೆ ಕಾಣೋದಿಲ್ಲ. ತೆಂಗಿನಕಾಯಿ ಹಿಡಿದು ಬಂದವರು ಇಂಚು ಹೇಳಿ ಹೋಗುತ್ತಾರೆ, ಊರಿನವರು ನಿಮ್ಮನ್ನೂ ಅವರನ್ನೂ ಹೋಲಿಸುತ್ತಾರೆ, ಇರಲಿ ಬಿಡಿ. ಪುಡಿಗಲ್ಲು ಎಲ್ಲಿ ದಪ್ಪ ಇದೆ, ಬಂಡೆ ಎಷ್ಟು ಆಳಕ್ಕೆ ಶುರುವಾಗುತ್ತದೆ, ಇಷ್ಟನ್ನು ಧೈರ್ಯವಾಗಿ ಹೇಳಿ.

ನೆಲದೊಳಗೆ ರೇಡಿಯೋ ಅಲೆ ಕಳಿಸಿ ನೋಡುವ ರಾಡಾರ್, ಸುತ್ತಿಗೆ ಹೊಡೆದು ಕಂಪನ ಅಳೆಯುವ ಸೀಸ್ಮಿಕ್, ಇವೆಲ್ಲ ಆಮೇಲೆ ಕಲಿಯಬಹುದು. ಉತ್ತರ ಕರ್ನಾಟಕದವರಾದರೆ ಒಂದು ಮಾತು, ಎರೆ ಮಣ್ಣಿನಲ್ಲಿ ರಾಡಾರ್ ಕೆಲಸಕ್ಕೆ ಬರೋದಿಲ್ಲ, ಆ ಜೇಡಿ ಸಿಗ್ನಲ್ಲನ್ನು ಮೇಲೇ ನುಂಗಿಬಿಡುತ್ತದೆ.

ಶುರು ಮಾಡೋಕೆ ರಾಗಿ ಕೊಯ್ಲು ಮುಗಿದ ಮೇಲಿನ ದಿನಗಳು ಒಳ್ಳೆಯವು. ಹೊಲ ಖಾಲಿ, ವೈರ್ ಎಳೆಯೋಕೆ ಯಾರೂ ಬೇಡ ಅನ್ನೋದಿಲ್ಲ, ನೆಲದಲ್ಲಿ ತೇವ ಇನ್ನೂ ಸ್ವಲ್ಪ ಉಳಿದಿರುತ್ತದೆ.